ಕಾಲುವೆಯ ಕೊನೆಯ ಹೊಲ
(ಬಾನುಲಿ ಭಾಷಣ)

ಹಿಂಗಾರಿ ಬಿತ್ತನೆಯ ದಿನಗಳಲ್ಲಿ ಇಂಡಿ ಸಿಂದಗಿಗಳ ಕಡೆಯ ರೈತನೊಬ್ಬ ತನ್ನ ಎರೆಹೊಲದ ಬದುವಿನ ಮೇಲೆ ಕುಳಿತು ಯೋಚಿಸುವುದನ್ನು ಲಕ್ಷ್ಯವಿಟ್ಟು ನೋಡಿದವರಿಗೆ, ದೊಡ್ಡ ಯೋಜನೆಗಳ ನಿರ್ಧಾರ ಹೇಗಾಗಬೇಕೆಂಬುದರ ಮೊದಲ ಪಾಠ ಅಲ್ಲಿಯೇ ದೊರೆಯುತ್ತದೆ. ಅವನು ಒಂದು ಹಿಡಿ ಮಣ್ಣನ್ನು ಅಗೆದು ಮುಷ್ಟಿಯಲ್ಲಿ ಹಿಚುಕಿ ಹಸಿಯನ್ನು ಅಳೆಯುತ್ತಾನೆ. ಇಂದೇ ಬಿತ್ತಿದರೆ ನಾಳೆ ಬಂದ ದೊಡ್ಡ ಮಳೆ ಬೀಜವನ್ನು ಕೆಡಿಸಬಹುದು. ಇನ್ನೆರಡು ವಾರ ಕಾದರೆ ಹಸಿ ಕೆಳಗಿಳಿದು ಬೇರಿಗೆ ಎಟುಕದೆ ಹೋಗಬಹುದು. ಮಳೆಯ ಮನಸ್ಸನ್ನು ತಿಳಿದವರಿಲ್ಲ. ಆದರೂ ಅವನು ನಿರ್ಧರಿಸಲೇಬೇಕು. ನಿರ್ಧರಿಸುವಾಗ ಇದ್ದ ಬೀಜವನ್ನೆಲ್ಲ ಒಂದೇ ದಿನ ನೆಲಕ್ಕೆ ಹಾಕುವುದಿಲ್ಲ; ಎರಡನೆಯ ಬಿತ್ತನೆಗೆಂದು ಸ್ವಲ್ಪವನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಾನೆ.

ಇಲ್ಲಿ ಮೂರು ಸಂಗತಿಗಳಿವೆ. ಅರ್ಧ ತಿಳಿವಳಿಕೆಯಲ್ಲಿಯೇ ನಿರ್ಧಾರ ಕೈಗೊಳ್ಳಬೇಕಾದುದು ಒಂದು. ನಿರ್ಧಾರ ತಪ್ಪಿದರೆ ತಿದ್ದಿಕೊಳ್ಳಲು ದಾರಿಯಿಟ್ಟುಕೊಳ್ಳುವುದು ಇನ್ನೊಂದು. ಮೂರನೆಯದು, ನಿರ್ಧರಿಸಿದವನೇ ಅದರ ಫಲವನ್ನು ಉಣ್ಣುವುದು. ಇಂಜಿನಿಯರನ ಕೆಲಸದಲ್ಲಿ ಮೊದಲೆರಡು ಸಂಗತಿಗಳು ಹಾಗೆಯೇ ಇರುತ್ತವೆ. ಮೂರನೆಯದು ಮಾತ್ರ ಕಡಿದುಹೋಗುತ್ತದೆ. ಅಣೆಕಟ್ಟೆಯ ಎತ್ತರವನ್ನು ಕಾಗದದ ಮೇಲೆ ಗೊತ್ತುಮಾಡಿದವನ ಮನೆ ಮುಳುಗುವುದಿಲ್ಲ. ಕಾಲುವೆಯ ಜಾಡನ್ನು ಎಳೆದವನ ಹೊಲ ಅದರ ತುದಿಯಲ್ಲಿರುವುದಿಲ್ಲ. ತಂತ್ರಜ್ಞಾನದ ಯೋಜನೆಯೆಂಬುದು ಬರಿಯ ಲೆಕ್ಕಾಚಾರವಾಗದೆ ಒಂದು ನೈತಿಕ ಹೊಣೆಯೂ ಆಗುವುದು ಈ ಕಡಿತದಿಂದಲೇ. ಈ ಮಾತನ್ನು ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಎಂಬ ನಾಲ್ಕು ಸೀಮೆಗಳನ್ನು ಕಣ್ಣಮುಂದೆ ಇಟ್ಟುಕೊಂಡು ವಿಚಾರಿಸಬಹುದು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಥೆ ಬಹುಮಟ್ಟಿಗೆ ಈ ಸೀಮೆಗಳ ಕಥೆಯೂ ಹೌದು.

ಅಂದಿನ ಬಿಜಾಪುರ, ಇಂದಿನ ವಿಜಯಪುರ ಜಿಲ್ಲೆಯ ದಕ್ಷಿಣದಲ್ಲಿ ಕೃಷ್ಣೆ ಹರಿಯುತ್ತಾಳೆ, ಉತ್ತರದಲ್ಲಿ ಭೀಮೆ. ನಡುವೆ ಡೋಣಿ. ಡೋಣಿಯ ನೀರು ಸವಳು. ಆದರೆ ಅದರ ಕಣಿವೆಯ ಮಣ್ಣು ಬಂಗಾರ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಇಂದಿಗೂ ಜನರ ಬಾಯಲ್ಲಿದೆ. ಆ ಗಾದೆಯಲ್ಲಿರುವ 'ಬೆಳೆದರೆ' ಎಂಬ ಪದವನ್ನು ಮಾತ್ರ ನಾವು ಮರೆಯಬಾರದು. ಬೆಳೆಯದ ವರ್ಷಗಳ ನೆನಪೂ ಈ ನೆಲಕ್ಕೆ ಸಾಕಷ್ಟಿದೆ. 1876ರಿಂದ 1878ರವರೆಗಿನ ಮಹಾಕ್ಷಾಮ ಈ ಸೀಮೆಯ ಊರೂರುಗಳನ್ನು ಬರಿದುಮಾಡಿತ್ತು. ಎರಡು ಮಹಾನದಿಗಳ ನಡುವೆ ಇದ್ದುಕೊಂಡು ಬಾಯಾರಿದ ನೆಲವಿದು. ಕಾರಣ ಸರಳ: ನದಿ ತಗ್ಗಿನಲ್ಲಿದೆ, ಹೊಲ ಎತ್ತರದಲ್ಲಿದೆ.

ಆಲಮಟ್ಟಿಯ ಅಣೆಕಟ್ಟೆಗೆ 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಆಗ ಅದು ಬಸವನ ಬಾಗೇವಾಡಿ ತಾಲೂಕು. ಈಗ ಅದೇ ತಾಲೂಕಿನಿಂದ ಒಡೆದುಬಂದ ನಿಡಗುಂದಿಗೆ ಸೇರಿದೆ. ಯೋಜನೆಯ ಮೂಲ ಕಲ್ಪನೆಯಲ್ಲಿ ಎರಡು ಕಟ್ಟೆಗಳು. ಮೇಲಿನ ಆಲಮಟ್ಟಿ ನೀರನ್ನು ಕೂಡಿಡುವ ಕಣಜ. ಕೆಳಗಿನ ನಾರಾಯಣಪುರ ಆ ನೀರನ್ನು ಕಾಲುವೆಗಳಿಗೆ ಹಂಚುವ ಅಡಿಗೆಮನೆ. ಅಡಿಗಲ್ಲು ಬಿದ್ದದ್ದು ಆಲಮಟ್ಟಿಗಾದರೂ ಮೊದಲು ಮುಗಿದದ್ದು ನಾರಾಯಣಪುರ, 1982ರಲ್ಲಿ. ಮೇಲುನೋಟಕ್ಕೆ ಇದು ವಿಚಿತ್ರವೆನ್ನಿಸುತ್ತದೆ. ವಿಚಾರಿಸಿದರೆ ಇದರ ಜಾಣತನ ತಿಳಿಯುತ್ತದೆ. ಹಣ ಕಡಿಮೆಯಿದ್ದಾಗ ಕಣಜಕ್ಕಿಂತ ಮೊದಲು ಅಡಿಗೆಮನೆ ಬೇಕು. ಮಳೆಗಾಲದಲ್ಲಿ ಹರಿದುಬರುವ ನೀರನ್ನಾದರೂ ಅದು ಕಾಲುವೆಗೆ ತಿರುಗಿಸಬಲ್ಲುದು. ದೊಡ್ಡ ಕೆಲಸವನ್ನು ಹಂತಗಳಾಗಿ ಒಡೆದು, ಪ್ರತಿಯೊಂದು ಹಂತವೂ ತನ್ನಷ್ಟಕ್ಕೆ ತಾನೇ ಉಪಯುಕ್ತವಾಗುವಂತೆ ಏರ್ಪಡಿಸುವುದು ಯೋಜಕನ ಮೊದಲ ವಿವೇಕ. ಮುಂದಿನ ಹಂತ ತಡವಾದರೂ ಹಿಂದಿನ ಹಂತ ವ್ಯರ್ಥವಾಗಬಾರದು.

ಎರಡನೆಯ ಸಂಗತಿ ಕಾಲದ್ದು. ಕೃಷ್ಣೆಯ ನೀರಿನ ಹಂಚಿಕೆಗಾಗಿ 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಾಧಿಕರಣವು 1973ರ ಡಿಸೆಂಬರಿನಲ್ಲಿ ತೀರ್ಪು ನೀಡಿ, ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಖಚಿತವಾಗಿ ದೊರೆಯುವ ನೀರು 2060 ಟಿ.ಎಂ.ಸಿ. ಎಂದು ಎಣಿಸಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಇದರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರಪ್ರದೇಶಕ್ಕೆ 800. ಜೊತೆಗೆ ಒಂದು ಗಡುವು: 2000ದ ಮೇ 31ರ ನಂತರ ಈ ಹಂಚಿಕೆಯನ್ನು ಮರುಪರಿಶೀಲಿಸಬಹುದು. ಆ ಹೊತ್ತಿಗೆ ತನ್ನ ಪಾಲನ್ನು ಬಳಸಿ ತೋರಿಸದ ರಾಜ್ಯದ ವಾದ ಸೊರಗೀತೆಂಬ ಭಯ ಸಹಜವಾಗಿಯೇ ಹುಟ್ಟಿತು. ಸರ್ಕಾರದ ವಾರ್ಷಿಕ ಮುಂಗಡಪತ್ರದ ಹನಿ ಹನಿ ಹಣದಿಂದ ಈ ಓಟ ಸಾಗದೆಂದು ಕಂಡು, 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮವನ್ನು ಸ್ಥಾಪಿಸಿ, ಬಾಂಡುಗಳ ಮೂಲಕ ಪೇಟೆಯಿಂದ ಸಾಲವೆತ್ತಿ ಕೆಲಸ ನಡೆಸಲಾಯಿತು. ಕಲ್ಲು ಸಿಮೆಂಟುಗಳಷ್ಟೇ ತಂತ್ರಜ್ಞಾನವಲ್ಲ. ಅವನ್ನು ಹೊತ್ತಿಗೆ ಸರಿಯಾಗಿ ತಂದುಹಾಕುವ ಸಂಸ್ಥೆಯನ್ನು ಕಟ್ಟುವುದೂ ಯೋಜನೆಯ ಅಂಗವೇ ಎಂಬುದಕ್ಕೆ ಇದು ನಿದರ್ಶನ.

ಆದರೆ ಓಟಕ್ಕೆ ಬೆಲೆಯುಂಟು. ಕಟ್ಟೆ ಏರಿದ ವೇಗದಲ್ಲಿ ಮನೆಗಳು ಏರಲಿಲ್ಲ. ಹಳೆಯ ಬಾಗಲಕೋಟೆಯ ಓಣಿಗಳು, ನದಿಯ ದಂಡೆಯ ನೂರಾರು ವರ್ಷಗಳ ಊರುಗಳು ಹಿನ್ನೀರಿಗೆ ಸಂದವು. ನವನಗರವೆಂಬ ಹೊಸ ಊರು ಎದ್ದಿತು. ಪುನರ್ವಸತಿಯ ಕೆಲಸ ಹಿಂದುಳಿದುದಕ್ಕಾಗಿ 1990ರ ದಶಕದಲ್ಲಿ ವಿಶ್ವಬ್ಯಾಂಕು ತನ್ನ ನೆರವಿನ ಹಣವನ್ನು ತಡೆಹಿಡಿದ ಪ್ರಸಂಗವೂ ನಡೆಯಿತು. ಗಡುವು ನಿಗದಿಯಾದ ಕೆಲಸ ಓಡುತ್ತದೆ, ಗಡುವಿಲ್ಲದ ಕೆಲಸ ಕುಂಟುತ್ತದೆ. ನೀರಿನ ಬಳಕೆಗೆ ಇದ್ದಂತೆ ನಿರ್ವಸಿತರ ಬದುಕಿಗೂ ಒಂದು ಮೇ 31 ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಇನ್ನು ಎತ್ತರದ ಪ್ರಶ್ನೆ. ಪತ್ರಿಕೆಗಳಲ್ಲಿ ಇದನ್ನು ನಾವು ರಾಜ್ಯ ರಾಜ್ಯಗಳ ಜಗಳವೆಂದು ಓದಿದ್ದೇವೆ. ಇಂಜಿನಿಯರನ ಕಣ್ಣಿನಿಂದಲೂ ಒಮ್ಮೆ ಓದಬೇಕು. ಆಲಮಟ್ಟಿಯಲ್ಲಿ ನೀರು ಧುಮುಕುವ ಕಟ್ಟಡದ ನೆತ್ತಿ ಸಮುದ್ರಮಟ್ಟದಿಂದ 509.016 ಮೀಟರ್ ಎತ್ತರದಲ್ಲಿದೆ. ಅದರ ಮೇಲೆ 26 ಗೇಟುಗಳು. ಗೇಟಿನ ಎತ್ತರ 15.24 ಮೀಟರ್ ಎಂದು ವಿನ್ಯಾಸ. ಎರಡನ್ನೂ ಕೂಡಿದರೆ 524.256 ಮೀಟರ್. ಈ ಎತ್ತರಕ್ಕೆ ನೆರೆರಾಜ್ಯ ತಕರಾರು ತೆಗೆಯಿತು. ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ಏಪ್ರಿಲಿನಲ್ಲಿ ಬಂದ ತೀರ್ಪು 519.6 ಮೀಟರಿಗೆ ದಾರಿ ಕೊಟ್ಟಿತು. ಆ ಮಟ್ಟದಲ್ಲಿ ಜಲಾಶಯ ಹಿಡಿಯುವ ನೀರು ಸುಮಾರು 123 ಟಿ.ಎಂ.ಸಿ. ಮುಂದೆ ಬ್ರಿಜೇಶ್ ಕುಮಾರ್ ಅವರ ಎರಡನೆಯ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ 524.256 ಮೀಟರನ್ನು ಒಪ್ಪಿತು. ಆ ಮಟ್ಟದಲ್ಲಿ ಸುಮಾರು 200 ಟಿ.ಎಂ.ಸಿ.

ಇಲ್ಲಿ ಗಮನಿಸಬೇಕಾದುದೇನೆಂದರೆ, ವಿವಾದವಿದ್ದದ್ದು ಗೇಟಿನ ಭಾಗದಲ್ಲಿ, ಅಡಿಪಾಯದಲ್ಲಿ ಅಲ್ಲ. ಕಾಂಕ್ರೀಟಿನ ಕಟ್ಟಡವನ್ನು ಒಮ್ಮೆ ಕಟ್ಟಿದ ಮೇಲೆ ಬದಲಿಸುವುದು ಹೆಚ್ಚುಕಡಿಮೆ ಅಸಾಧ್ಯ. ಉಕ್ಕಿನ ಗೇಟನ್ನು ಎತ್ತರಿಸಬಹುದು, ತಗ್ಗಿಸಬಹುದು. ಬದಲಿಸಲಾಗದ ಭಾಗವನ್ನು ದೂರದ ಅಗತ್ಯಕ್ಕೆ ತಕ್ಕಂತೆ ಕಟ್ಟಿ, ಬದಲಿಸಬಹುದಾದ ಭಾಗವನ್ನು ಇಂದಿನ ಅನುಮತಿಗೆ ತಕ್ಕಂತೆ ಇಟ್ಟುಕೊಳ್ಳುವುದು ಹಳೆಯ ವಿದ್ಯೆ. ಕನ್ನಂಬಾಡಿಯಲ್ಲಿಯೂ ಇದೇ ನಡೆದಿತ್ತು. ಮದರಾಸು ಸರ್ಕಾರ ಮೊದಲು ಒಪ್ಪಿದ್ದು 11 ಟಿ.ಎಂ.ಸಿ. ಸಂಗ್ರಹಕ್ಕೆ; ಮೈಸೂರು ಹಾಕಿದ ಅಡಿಪಾಯದ ಅಗಲ ಸಾಲುತ್ತಿದ್ದದ್ದು 41.5 ಟಿ.ಎಂ.ಸಿ.ಗೆ. ಆಗಿನ ದಿವಾನರು ವಿಶ್ವೇಶ್ವರಯ್ಯನವರು. 1924ರ ಒಪ್ಪಂದ ಬರುವ ಹೊತ್ತಿಗೆ ಅಡಿಪಾಯ ಸಿದ್ಧವಾಗಿಯೇ ಇತ್ತು. ನೆರೆಯವರಿಗೆ ಇದು ಹಟವೆಂದು ತೋರಿತು. ನಮಗೆ ದೂರದೃಷ್ಟಿಯೆಂದು ತೋರುತ್ತದೆ. ಎರಡರಲ್ಲಿಯೂ ಸ್ವಲ್ಪ ಸತ್ಯವುಂಟು. ಎರೆಹೊಲದ ರೈತ ಉಳಿಸಿಕೊಂಡ ಬೀಜವೇ ಇದು.

ಆದರೆ ಈ ಹೋಲಿಕೆ ಒಂದು ಕಡೆಗೆ ನಿಂತುಹೋಗುತ್ತದೆ. ರೈತನ ಬೀಜ ಅವನ ಮಡಕೆಯಲ್ಲಿ ಸುಮ್ಮನಿರುತ್ತದೆ. ಕಟ್ಟೆಯ ಉಳಿದ ಎತ್ತರ ಸುಮ್ಮನಿರುವುದಿಲ್ಲ. 519.6ರಿಂದ 524.256ಕ್ಕೆ ಇರುವುದು ಐದು ಮೀಟರಿಗೂ ಕಡಿಮೆ ಅಂತರ. ಆ ಅಂತರದಲ್ಲಿ ಸುಮಾರು 75,000 ಎಕರೆ ಭೂಮಿಯಿದೆ, ಹಳ್ಳಿಗಳಿವೆ, ಬಾಗಲಕೋಟೆಯ ಇನ್ನಷ್ಟು ಭಾಗವಿದೆ. ಎರಡನೆಯ ತೀರ್ಪಿನ ಪ್ರಕಟಣೆ ಸುಪ್ರೀಂ ಕೋರ್ಟಿನ ತಡೆಯಲ್ಲಿ ಸಿಕ್ಕಿಕೊಂಡು 2025ರ ಹೊತ್ತಿಗೂ ಕೇಂದ್ರದ ಗೆಜೆಟ್ಟನ್ನು ಕಂಡಿರಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿಗಳ ಪರಿಹಾರವನ್ನು ಗೊತ್ತುಮಾಡಿತು. ಇಷ್ಟೂ ವರ್ಷ ಆ ಭೂಮಿಯ ರೈತ ಬಾವಿ ತೋಡಿಸಲೇ ಬೇಡವೇ, ಮನೆಗೆ ಮಾಳಿಗೆ ಹಾಕಿಸಲೇ ಬೇಡವೇ ಎಂದು ತೂಗಿಸುತ್ತ ಬಂದಿದ್ದಾನೆ. ನಿರ್ಧಾರವನ್ನು ತೆರೆದಿಟ್ಟುಕೊಳ್ಳುವುದು ಯೋಜಕನಿಗೆ ಅನುಕೂಲ. ಅದರ ಬಡ್ಡಿಯನ್ನು ಕಟ್ಟುವವನು ಬೇರೊಬ್ಬ. ಈ ಬಡ್ಡಿ ಯಾವ ಅಂದಾಜುಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ.

ಈಗ ನಾಲ್ಕು ಸೀಮೆಗಳನ್ನು ಒಟ್ಟಿಗೆ ನೋಡೋಣ. ಆಲಮಟ್ಟಿಯ ನೀರು ಬಾಗೇವಾಡಿಯ ಅಂಗಳದಲ್ಲಿ ನಿಂತಿದೆ. ಮುದ್ದೇಬಿಹಾಳದ ದಕ್ಷಿಣದ ಅಂಚನ್ನು ಕೃಷ್ಣೆ ತೊಳೆಯುತ್ತಾಳೆ. ಆದರೂ ಆಲಮಟ್ಟಿಯ ಎಡದಂಡೆ ಕಾಲುವೆ ಮುಟ್ಟಿದಷ್ಟು ಭೂಮಿಯನ್ನು ಬಿಟ್ಟರೆ, ಈ ಎರಡು ಸೀಮೆಗಳ ಬಹುಪಾಲು ಹೊಲ ಬಹುಕಾಲ ಒಣಗಿಯೇ ಇತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬಂತೆ. ಇಂಡಿ ಸಿಂದಗಿಗಳು ಕಟ್ಟೆಯಿಂದ ದೂರ. ಆದರೆ ನಾರಾಯಣಪುರದ ಎಡದಂಡೆ ಕಾಲುವೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆ ಸುಮಾರು 170 ಕಿಲೋಮೀಟರ್ ದೂರ ಆ ಕಡೆಗೆ ಹರಿಯುತ್ತದೆ. ಹತ್ತಿರದವನಿಗೆ ನೀರು ಕಾಣುತ್ತದೆ, ಏರುವುದಿಲ್ಲ. ದೂರದವನಿಗೆ ನೀರು ಇಳಿದು ಬರಬಹುದು, ಆದರೆ ಮುಟ್ಟುತ್ತದೆಯೋ ಇಲ್ಲವೋ.

ಹತ್ತಿರದವನಿಗೆ ಉಪಾಯ ಏತ ನೀರಾವರಿ. ಮುಳವಾಡ, ಚಿಮ್ಮಲಗಿ ಮೊದಲಾದ ಏತ ಯೋಜನೆಗಳು ಆಲಮಟ್ಟಿಯ ಹಿನ್ನೀರಿನಿಂದ ಪಂಪುಗಳ ಮೂಲಕ ನೀರನ್ನೆತ್ತಿ ಮೇಲಿನ ಕಾಲುವೆಗಳಿಗೆ, ಕೆರೆಗಳಿಗೆ ಹರಿಸುತ್ತವೆ. ಇದರ ಲೆಕ್ಕ ಕಠಿಣವಲ್ಲ. ಒಂದು ಟಿ.ಎಂ.ಸಿ. ನೀರನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು, ಯಂತ್ರಗಳಲ್ಲಿ ಆಗುವ ನಷ್ಟವನ್ನೂ ಸೇರಿಸಿ, ಸುಮಾರು ಒಂದು ಕೋಟಿ ಯೂನಿಟ್ ವಿದ್ಯುತ್ತು ಬೇಕು. ಇಳಿದು ಹರಿಯುವ ಕಾಲುವೆಗೆ ಒಮ್ಮೆ ಹಣ ಹಾಕಿದರೆ ಮುಂದೆ ಭೂಮಿಯ ಸೆಳೆತವೇ ದುಡಿಯುತ್ತದೆ. ಏತಕ್ಕೆ ಪ್ರತಿವರ್ಷವೂ ಕರೆಂಟಿನ ಬಿಲ್ಲು ಬರುತ್ತದೆ. ಆದಕಾರಣ ಎತ್ತಿದ ನೀರನ್ನು ಎಂಥ ಬೆಳೆಗೆ ಹಾಕಬೇಕೆಂಬ ಪ್ರಶ್ನೆ ಪಂಪನ್ನು ಕೂಡಿಸುವುದಕ್ಕಿಂತ ಮೊದಲೇ ತೀರ್ಮಾನವಾಗಬೇಕು. ಕೋಟಿ ಯೂನಿಟ್ ಸುಟ್ಟು ಏರಿಸಿದ ನೀರು ಕಬ್ಬಿನ ಹೊಲದಲ್ಲಿ ನಿಂತರೆ ಅದು ಯೋಜನೆಯ ಸೋಲೇ ಸರಿ. ಅದೇ ನೀರು ಬತ್ತಿದ ಕೆರೆಯನ್ನು ತುಂಬಿ ಸುತ್ತಲಿನ ಬಾವಿಗಳಲ್ಲಿ ಒರತೆ ಎಬ್ಬಿಸಿದರೆ, ಕುಡಿಯಲು ಒದಗಿದರೆ, ಇಂಡಿಯ ಕಡೆಯ ನಿಂಬೆಯ ಗಿಡದ ಬುಡಕ್ಕೆ ಹನಿ ಹನಿಯಾಗಿ ಬಿದ್ದರೆ, ಅದಕ್ಕೆ ಅರ್ಥವುಂಟು.

ಯೋಜನೆಯ ಅಂಕಿಗಳೂ ಇದನ್ನೇ ಹೇಳುತ್ತವೆ. ಮೊದಲ ಎರಡು ಹಂತಗಳಲ್ಲಿ 173 ಟಿ.ಎಂ.ಸಿ. ನೀರು, 6.22 ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಎಂದರೆ ಟಿ.ಎಂ.ಸಿ.ಗೆ ಸುಮಾರು 3,600 ಹೆಕ್ಟೇರ್. ಮೂರನೆಯ ಹಂತದಲ್ಲಿ 130 ಟಿ.ಎಂ.ಸಿ.ಗೆ 5.94 ಲಕ್ಷ ಹೆಕ್ಟೇರ್, ಎಂದರೆ ಟಿ.ಎಂ.ಸಿ.ಗೆ ಸುಮಾರು 4,570. ಅಷ್ಟೇ ನೀರಿನಲ್ಲಿ ಹೆಚ್ಚು ನೆಲವನ್ನು ನೆನೆಸುವ ಸಂಕಲ್ಪ ಕಾಗದದ ಮೇಲಿದೆ. ಆ ಮಿತವ್ಯಯ ಹೊಲದಲ್ಲಿ ಇಳಿಯದಿದ್ದರೆ ಕೊರತೆ ಬೀಳುವುದು ಎಲ್ಲಿ? ಕಾಲುವೆಯ ಕೊನೆಯಲ್ಲಿ.

ಆ ಕೊನೆಯ ಕಡೆಗೆ ಈಗ ಹೋಗೋಣ. ಹತ್ತು ಕಿಲೋಮೀಟರ್ ಸಾಗುವಾಗ ಕಾಲುವೆಯಲ್ಲಿದ್ದ ನೀರಿನ ನೂರರಲ್ಲಿ ಮೂರು ಪಾಲು ಮಾತ್ರ ಸೋರಿಹೋಗುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಅದು ಕೇಳಲು ಅಲ್ಪ. ಆದರೆ 170 ಕಿಲೋಮೀಟರ್ ಮುಗಿಯುವ ಹೊತ್ತಿಗೆ ನೂರು ಕೊಡ ಅರವತ್ತಾಗಿರುತ್ತದೆ. ಅದೂ ನಡುವೆ ಯಾರೂ ಒಂದು ಕೊಡವನ್ನೂ ತೆಗೆಯದಿದ್ದರೆ! ಮೇಲಿನವನು ಹಗುರ ಬೆಳೆಗೆಂದು ಕೊಟ್ಟ ನೀರಿನಲ್ಲಿ ಭತ್ತವನ್ನೋ ಕಬ್ಬನ್ನೋ ಬೆಳೆದರೆ ಆ ಅರವತ್ತೂ ಉಳಿಯುವುದಿಲ್ಲ. ಅವನನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಬಾಗಿಲಲ್ಲಿ ಹರಿಯುವ ನೀರನ್ನು ಮುಟ್ಟಬೇಡವೆಂದರೆ ಬರಗಾಲ ಉಂಡ ಯಾವ ಮನುಷ್ಯನೂ ಕೇಳುವುದು ಕಷ್ಟ.

ಎರೆಮಣ್ಣಿನದೂ ಒಂದು ಸ್ವಭಾವವುಂಟು. ಹಸಿಯಾದಾಗ ಅದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದರ ಮೇಲೆ ಹಾಸಿದ ಕಾಂಕ್ರೀಟನ್ನು ಎತ್ತಿ ಒಡೆಯುತ್ತದೆ. ಮುಂಬಯಿಯ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು 1970ರ ದಶಕದಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಎರೆಮಣ್ಣಿಗೂ ಕಾಲುವೆಯ ಹಾಸಿಗೂ ನಡುವೆ, ಅಂಟುಗುಣವಿದ್ದರೂ ಉಬ್ಬದ ಮಣ್ಣಿನ ಪದರವೊಂದನ್ನು ಹಾಕುವುದೇ ಆ ಉಪಾಯ. ನೋಡಲು ಸಾಮಾನ್ಯ ಸಂಗತಿ. ಆದರೆ ಆ ಮಣ್ಣನ್ನು ದೂರದಿಂದ ಹೇರಿ ತರಬೇಕು, ಹದವಾಗಿ ಹಾಸಿ ಕುಟ್ಟಬೇಕು. ಅಂದಾಜಿನಲ್ಲಿ ಹಣ ಉಳಿಸಲು ಕೈಬಿಡುವುದಕ್ಕೆ ಬಲು ಸುಲಭವಾದ ಬಾಬು ಅದು. ಕಾಲುವೆ ಒಡೆಯುವವರೆಗೆ ಅದರ ಕೊರತೆ ಯಾರಿಗೂ ಕಾಣುವುದಿಲ್ಲ. ನೀರು ಹರಿಯಿಸುವಷ್ಟೇ ಶ್ರದ್ಧೆಯಿಂದ ಹೆಚ್ಚಾದ ನೀರು ಬಸಿದುಹೋಗುವ ದಾರಿಯನ್ನೂ ಮಾಡದಿದ್ದರೆ ಎರೆಭೂಮಿ ಸವಳು ಜವಳಾಗುತ್ತದೆ. ಬರದಿಂದ ಕೆಟ್ಟ ಹೊಲ ಮುಂದಿನ ಮಳೆಗೆ ಚೇತರಿಸಿಕೊಂಡೀತು. ಸವಳಾದ ಹೊಲ ಒಂದು ತಲೆಮಾರನ್ನೇ ನುಂಗುತ್ತದೆ.

ಇತ್ತೀಚೆಗೆ ನಾರಾಯಣಪುರದ ಎಡದಂಡೆ ಕಾಲುವೆಯ ವಿಸ್ತರಣೆ ಮತ್ತು ಆಧುನೀಕರಣದ ಕೆಲಸ ಸುಮಾರು 4,700 ಕೋಟಿ ರೂಪಾಯಿಗಳ ವೆಚ್ಚದಲ್ಲಿ ನಡೆದು, 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳಿಂದ ಲೋಕಾರ್ಪಣೆಯಾಯಿತು. ಹತ್ತು ಸಾವಿರ ಕ್ಯೂಸೆಕ್ ಹರಿಯಬಲ್ಲ ಈ ಕಾಲುವೆಯಲ್ಲಿ ನೀರನ್ನು ಅಳೆಯುವ, ದೂರದಿಂದಲೇ ಗೇಟುಗಳನ್ನು ಏರಿಸಿ ಇಳಿಸುವ ಯಂತ್ರವ್ಯವಸ್ಥೆ ಬಂದಿದೆ. ಇದು ಸಣ್ಣ ಸಾಧನೆಯಲ್ಲ. ಎಷ್ಟು ನೀರು ಎಲ್ಲಿ ಹೋಯಿತೆಂಬುದೇ ತಿಳಿಯದಿದ್ದರೆ ನ್ಯಾಯದ ಮಾತನ್ನು ಆಡುವುದಾದರೂ ಹೇಗೆ? ಆದರೆ ಅಳತೆ ನ್ಯಾಯಕ್ಕೆ ಸಾಕ್ಷಿಯಾಗಬಲ್ಲುದೇ ಹೊರತು ನ್ಯಾಯಾಧೀಶನಾಗಲಾರದು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ವಿಶ್ವೇಶ್ವರಯ್ಯನವರು ಪುಣೆಯ ಕಡೆಯ ನೀರಾ ಕಾಲುವೆಯಲ್ಲಿ ಬ್ಲಾಕ್ ಪದ್ಧತಿಯನ್ನು ತಂದಾಗ ಮಾಡಿದ್ದೂ ಇದನ್ನೇ: ನೀರನ್ನು ಹೆಚ್ಚು ಊರುಗಳಿಗೆ ಹಂಚುವುದು, ಸರದಿಯಂತೆ ಬೆಳೆಯನ್ನು ಗೊತ್ತುಮಾಡುವುದು. ಅಲ್ಲಿ ಕೆಲಸ ಮಾಡಿದ್ದು ಯಂತ್ರಕ್ಕಿಂತ ಹೆಚ್ಚಾಗಿ ಕರಾರು. ಇಂದಿನ ಸ್ವಯಂಚಾಲಿತ ಗೇಟಿನ ಹಿಂದೆಯೂ ಅಂಥದೊಂದು ಕರಾರು ಬೇಕು.

ಕೊನೆಗೆ ಉಸ್ತುವಾರಿಯ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಸರಪಣಿ ಕಡಿದು ಕೊಚ್ಚಿಹೋದಾಗ, ತುಂಬಿದ ಜಲಾಶಯದ ಎದುರಿಗೆ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಲು ಹಳೆಯ ವಿನ್ಯಾಸದಲ್ಲಿ ಏರ್ಪಾಡೇ ಇರಲಿಲ್ಲ. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ಹಲಗೆಗಳನ್ನಿಳಿಸಿ ಒಂದು ವಾರದೊಳಗೆ ನೀರನ್ನು ತಡೆದದ್ದು ಸಾಹಸವೇ ಸರಿ. ಸಾಹಸ ಬೇಕಾಗದಂತೆ ಕಟ್ಟುವುದು ಅದಕ್ಕಿಂತ ದೊಡ್ಡದು. ವಿಜಯಪುರದಲ್ಲಿ ಆದಿಲಶಾಹಿ ಕಾಲದವರು 1651ರ ಬೇಗಂ ತಲಾಬಿನಿಂದ ಊರಿಗೆ ಮಣ್ಣಿನ ಕೊಳವೆಗಳಲ್ಲಿ ನೀರು ತಂದಾಗ, ದಾರಿಯಲ್ಲಿ ಅಲ್ಲಲ್ಲಿ 'ಗಂಜ್' ಎಂಬ ಗೋಪುರಗಳನ್ನು ಎಬ್ಬಿಸಿದರು. ನೀರಿನ ಒತ್ತಡ ಅಲ್ಲಿ ತಗ್ಗುತ್ತಿತ್ತು, ಹೂಳು ಅಲ್ಲಿ ಕೂಡುತ್ತಿತ್ತು. ಕೊಳವೆ ಒಡೆದೀತು, ಹೂಳು ತುಂಬೀತು ಎಂಬುದನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ಕಟ್ಟಡಗಳವು. ತಾನು ತಪ್ಪಬಹುದೆಂದು ಒಪ್ಪಿಕೊಳ್ಳುವ ವಿನಯ ಇಂಜಿನಿಯರನ ಉಪಕರಣಗಳಲ್ಲೊಂದು.

ಆದಕಾರಣ ಯಾವುದೇ ದೊಡ್ಡ ತಾಂತ್ರಿಕ ಯೋಜನೆ ನಮ್ಮ ಮುಂದೆ ಬಂದಾಗ, ಅದರ ವೆಚ್ಚವೆಷ್ಟು, ಎತ್ತರವೆಷ್ಟು ಎಂದು ಕೇಳಿ ಸುಮ್ಮನಾಗಬಾರದು. ಇದರಲ್ಲಿ ಮುಂದೆ ಬದಲಿಸಲಾಗದ್ದು ಯಾವುದು? ಅರ್ಧಕ್ಕೆ ನಿಂತರೂ ಇದು ಯಾರಿಗಾದರೂ ಉಪಯೋಗಕ್ಕೆ ಬರುತ್ತದೆಯೆ? ವರ್ಷ ವರ್ಷದ ಖರ್ಚನ್ನು ಹೊರುವವರು ಯಾರು? ತಡವಾದರೆ ಅದರ ಬಡ್ಡಿಯನ್ನು ಕಟ್ಟುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಕಛೇರಿಯ ನಕ್ಷೆಯಲ್ಲಿ ಪೂರ್ತಿಯಾಗಿ ಸಿಕ್ಕುವುದಿಲ್ಲ. ಹಿನ್ನೀರಿನ ಅಂಚಿನಲ್ಲಿ ಮಾಳಿಗೆ ಹಾಕಿಸದೆ ಕಾದಿರುವವನ ಮನೆಗೆ ಹೋಗಿ ಕೇಳಬೇಕು. ಅಲ್ಲಿಂದ ಇಂಡಿಯ ಕಡೆಗೆ ಹೋಗಿ, ಕಾಲುವೆ ಹೊಲಗಾಲುವೆಯಾಗಿ ಸಣ್ಣದಾಗುತ್ತ ಬಂದು ಮುಗಿಯುವ ಕೊನೆಯ ಹೊಲದ ಬದುವಿನ ಮೇಲೆ ನಿಲ್ಲಬೇಕು. ಅಲ್ಲಿಯ ಒಂದು ಹಿಡಿ ಮಣ್ಣನ್ನು ಹಿಚುಕಿ ನೋಡಿದರೆ ಯೋಜನೆ ಗೆದ್ದಿತೋ ಸೋತಿತೋ ತಿಳಿಯುತ್ತದೆ.